ದೊಡ್ಡಾಕೆಯ ಹೆಸರು

ಗುತ್ತೂರು
12 ಜೂನ್ 2024

ತಳಿ ಸುಧಾರಣಾ ಯೋಜನೆಯ ಕೃತಿಕಾ ಮೇಡಂ ಅವರಿಗೆ,

ಗುತ್ತೂರಿನ ಕಮಲಮ್ಮ ಮಾಡುವ ನಮಸ್ಕಾರಗಳು. ನಾನು ಏಳನೇ ಕ್ಲಾಸು ಓದಿದವಳು. ಕಾಗದ ಬರೆಯುವ ರೂಢಿ ತಪ್ಪಿ ಇಪ್ಪತ್ತೈದು ವರ್ಷವಾಯಿತು. ಆದರೆ ನಿಮ್ಮ ಕಚೇರಿಗೆ ಮೂರು ಸಲ ಫೋನ್ ಮಾಡಿದರೆ ಮೂರು ಸಲವೂ ಒಬ್ಬರು, "ಬಾಯಿಮಾತು ನಡಿಯಲ್ಲಮ್ಮ, ಏನಿದ್ರೂ ಬರೆದು ಕೊಡ್ರಿ" ಎಂದರು. ಅದಕ್ಕೇ ಈ ಕಾಗದ.

ಮಾರ್ಚ್ ತಿಂಗಳಲ್ಲಿ ನಿಮ್ಮ ಮೈಲಾರಲಿಂಗಪ್ಪನವರು ಬಂದು ನಮ್ಮ ಒಂಬತ್ತೂ ಹಸುಗಳ ಬಾಲದ ಕೂದಲು ಕಿತ್ತುಕೊಂಡು ಹೋದರು. ಕೂದಲಿನ ಬುಡದಲ್ಲಿ ಹಸುವಿನ ವಂಶದ ಗುಣವೆಲ್ಲ ಇರುತ್ತದೆ, ಅದನ್ನು ಪರೀಕ್ಷೆ ಮಾಡಿದರೆ ಯಾವ ಹಸುವಿಗೆ ಯಾವ ಹೋರಿಯ ವೀರ್ಯದ ಕಡ್ಡಿ ಹಾಕಿಸಬೇಕೆಂದು ಕಂಪ್ಯೂಟರೇ ಹೇಳುತ್ತದೆ ಎಂದರು. ನನಗೆ ಖುಷಿಯಾಗಿತ್ತು. ಮನೆಯವರು ಬೇಡವೆಂದರೂ ಕೇಳದೆ ನನ್ನ ಹೆಸರಿನಲ್ಲೇ ಸೇರಿದೆ. ಎರಡು ವರ್ಷ ಹೊರಗಿನ ಕಡ್ಡಿ ಹಾಕಿಸುವುದಿಲ್ಲವೆಂದು ಸಹಿಯನ್ನೂ ಮಾಡಿಕೊಟ್ಟೆ.

ಈಗ ನಿಮ್ಮ ವರದಿ ಬಂದಿದೆ. ನಮ್ಮ ದೊಡ್ಡಾಕೆಗೆ ಅನ್ಯಾಯವಾಗಿದೆ ಮೇಡಂ. ಆಕೆಗೆ ಹೆಣ್ಣುಗರು ಹುಟ್ಟುವ ಕಡ್ಡಿ ಕೊಡುವುದಿಲ್ಲ, ಸಂತತಿ ಮುಂದುವರಿಸುವುದು ಬೇಡ ಎಂದು ಬರೆದಿದ್ದೀರಿ. ಆಕೆ ಐದು ಸಲ ಈದಿದ್ದಾಳೆ, ಐದೂ ಹೋರಿಗರು. ವಯಸ್ಸು ಹತ್ತಾಯಿತು, ಇನ್ನೊಂದು ಸಲ ಗಬ್ಬವಾದರೆ ಹೆಚ್ಚು. ಒಂದು ಹೆಣ್ಣು ಕೊಡದೆ ಆಕೆ ಹೋದರೆ ನಮ್ಮ ಕೊಟ್ಟಿಗೆಯ ಹಳೆಯ ಬಳ್ಳಿಯೇ ಕಡಿದ ಹಾಗೆ.

ಮೊನ್ನೆ ಹತ್ತನೇ ತಾರೀಖು ಬೆದೆಗೆ ಬಂದಿದ್ದಳು. ಇಡೀ ದಿನ ಕೂಗಿದಳು. ನಾನು ಸಹಿ ಮಾಡಿದವಳು, ಸುಮ್ಮನೆ ಕಟ್ಟಿಹಾಕಿದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಬರುತ್ತಾಳೆ. ಅಂದರೆ ಜುಲೈ ಒಂದಕ್ಕೆ. ಅಷ್ಟರೊಳಗೆ ಸರಿಮಾಡಿಕೊಡಿ.

ಕಮಲಮ್ಮ


ದಾವಣಗೆರೆ, ಎಸ್.ಎಸ್. ಬಡಾವಣೆ
27 ಜೂನ್ 2024

ಶ್ರೀಮತಿ ಕಮಲಮ್ಮ ಕೋಂ ಅಂಜಿನಪ್ಪ ಅವರಿಗೆ,

ವಿಷಯ: ವಂಶವಾಹಿ ಪರೀಕ್ಷಾ ವರದಿಯ ಕುರಿತು.
ಉಲ್ಲೇಖ: ತಮ್ಮ ಪತ್ರ, ದಿನಾಂಕ 12-06-2024.

ತಮ್ಮ ಪತ್ರವನ್ನು ಪರಿಶೀಲಿಸಲಾಗಿದೆ. ತಮ್ಮ ಪಟ್ಟಿಯಲ್ಲಿ 'ದೊಡ್ಡಾಕೆ' ಎಂಬ ಹೆಸರಿನ ಹಸು ಇಲ್ಲ. ಒಂಬತ್ತು ಹಸುಗಳಲ್ಲಿ ಅಳತೆಯಲ್ಲಿ ದೊಡ್ಡದು 'ಚಂದ್ರಿ'. ಅದಕ್ಕೆ ಪ್ರಥಮ ಸ್ಥಾನ ದೊರೆತಿದ್ದು, ಹೆಣ್ಣುಗರುವಿನ ಕಡ್ಡಿಯೂ ಮಂಜೂರಾಗಿದೆ. ತಾವು ವರದಿಯನ್ನು ಕೆಳಗಿನಿಂದ ಮೇಲಕ್ಕೆ ಓದಿರುವ ಸಾಧ್ಯತೆ ಇದೆ.

ಹಾಗಲ್ಲದೆ ಬೇರೆ ಹಸುವಿನ ಬಗ್ಗೆ ದೂರು ಇದ್ದಲ್ಲಿ, ಅದರ ಹೆಸರನ್ನು ಸ್ಪಷ್ಟವಾಗಿ ಬರೆದು ಕಳುಹಿಸುವುದು. ಹಸುವಿನ ಮೇಲಿನ ಪ್ರೀತಿ ಬೇರೆ, ಹಸುವಿನ ಗುಣ ಬೇರೆ ಎಂಬುದನ್ನು ಹೈನುಗಾರರು ಅರಿಯಬೇಕೆಂದು ಈ ಮೂಲಕ ತಿಳಿಸಲಾಗಿದೆ.

ಕೃತಿಕಾ
ಕ್ಷೇತ್ರಾಧಿಕಾರಿ


ಗುತ್ತೂರು
2 ಜುಲೈ 2024

ಕೃತಿಕಾ ಮೇಡಂ ಅವರಿಗೆ,

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಬಂತು. ದೊಡ್ಡಾಕೆ ನಿನ್ನೆ ಬೆಳಿಗ್ಗೆಯೇ ಬೆದೆಗೆ ಬಂದಿದ್ದಳು. ದಾವಣಗೆರೆಯಿಂದ ನಮ್ಮ ಪಕ್ಕದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ನಿಮ್ಮ ಕಾಗದಕ್ಕೆ ನಾಲ್ಕು ದಿನ, ಬರೆಯಲು ನಿಮಗೆ ಹದಿನೈದು ದಿನ. ಹಸು ಕಾಯುವುದಿಲ್ಲ ಮೇಡಂ. ಒಂದು ಸಲ ತಪ್ಪಿದರೆ ಮತ್ತೆ ಮೂರು ವಾರ.

ಕೆಳಗಿನಿಂದ ಮೇಲಕ್ಕೆ ಓದುವಷ್ಟು ಬುದ್ಧಿ ನನಗಿಲ್ಲ, ಮೇಲಿನಿಂದಲೇ ಓದಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು ನಿಮ್ಮ ಪರಿಶೀಲನೆ. ಚಂದ್ರಿಗೂ ದೊಡ್ಡಾಕೆಗೂ ಸಂಬಂಧವೇ ಇಲ್ಲ. ಚಂದ್ರಿ ಎತ್ತರದ ಹಸು. ಈದ ಮೂರು ತಿಂಗಳು ಬಕೀಟು ತುಂಬಿಸುತ್ತದೆ, ಆಮೇಲೆ ಕೆಚ್ಚಲು ಬಾವು, ಕಾಲು ನೋವು, ಡಾಕ್ಟರು. ಡೈರಿಯಲ್ಲಿ ಅದರ ಹಾಲಿಗೆ ಫ್ಯಾಟೇ ಬರುವುದಿಲ್ಲ. ದೊಡ್ಡಾಕೆ ಕುಳ್ಳು, ಕಪ್ಪು ಮೈ, ಹಣೆಯ ಮೇಲೆ ಅಂಗೈಯಷ್ಟು ಬಿಳಿ. ಹತ್ತು ವರ್ಷದಲ್ಲಿ ಒಂದು ದಿನ ಮೇವು ಬಿಟ್ಟವಳಲ್ಲ. ನಿಮ್ಮ ಕಂಪ್ಯೂಟರ್ ಚಂದ್ರಿಯನ್ನು ಒಂದನೇ ಸಾಲಿಗೆ, ಇವಳನ್ನು ಒಂಬತ್ತನೇ ಸಾಲಿಗೆ ಹಾಕಿದೆ. ಮನೆಯವರು, "ಹುಲ್ಲು ಹಾಕೋರು ನಾವು, ರ‍್ಯಾಂಕ್ ಕೊಡೋರು ಅವ್ರು. ನಿನಗೆ ಆಗ್ಲೇ ಬ್ಯಾಡ ಅಂದಿದ್ದೆ" ಎಂದು ನಗುತ್ತಾರೆ. ಅವರ ನಗು ಕೇಳಿಕೊಂಡು ರೊಟ್ಟಿ ಬಡಿಯುವ ಕಷ್ಟ ನಿಮಗೆ ತಿಳಿಯುವುದಿಲ್ಲ.

ಹೆಸರು ಬರೆಯಿರಿ ಎಂದಿದ್ದೀರಿ. ಆ ಹೆಸರನ್ನು ನಾನು ಹೇಳುವ ಹಾಗಿಲ್ಲ, ಬರೆಯುವ ಹಾಗೂ ಇಲ್ಲ. ನಿಮ್ಮ ಪಟ್ಟಿಯಲ್ಲೇ ಇದೆ, ಕೊನೆಯ ಸಾಲು ನೋಡಿ. ಮುಂದಿನ ಬೆದೆ ಜುಲೈ ಇಪ್ಪತ್ತೆರಡಕ್ಕೆ.

ಕಮಲಮ್ಮ


ದಾವಣಗೆರೆ
20 ಜುಲೈ 2024

ಶ್ರೀಮತಿ ಕಮಲಮ್ಮ ಕೋಂ ಅಂಜಿನಪ್ಪ ಅವರಿಗೆ,

ವಿಷಯ: ಹಸುವಿನ ಗುರುತು ತಿಳಿಸಲು ನಿರಾಕರಿಸಿರುವ ಕುರಿತು.

ಪಟ್ಟಿಯ ಕೊನೆಯ ಹಸುವಿನ ಹೆಸರು 'ಹನುಮವ್ವ'. ತಾವು ಹೇಳುವ 'ದೊಡ್ಡಾಕೆ' ಇದೇ ಆಗಿದ್ದಲ್ಲಿ, ಹಾಗೆಂದು ಬರೆದುಕೊಡಲು ತಮಗೇನು ತೊಂದರೆ ಎಂಬುದು ತಿಳಿಯದು. ಹೆಸರು ಹೇಳುವ ಹಾಗಿಲ್ಲ ಎಂಬ ತಮ್ಮ ಮಾತು ಸಂಶಯಕ್ಕೆ ಎಡೆಮಾಡಿದೆ. ನೋಂದಾಯಿಸಿದ ಹಸುವನ್ನು ಮಾರಿ ಅದರ ಜಾಗದಲ್ಲಿ ಬೇರೊಂದನ್ನು ಕಟ್ಟಿರುವ ಪ್ರಕರಣಗಳು ಈ ಹಿಂದೆ ಕೆಲವು ಕಡೆ ಕಂಡುಬಂದಿವೆ.

ಹದಿನೈದು ದಿನಗಳೊಳಗೆ ಹಸುವಿನ ಹೆಸರನ್ನು ಸ್ವಂತ ಕೈಬರಹದಲ್ಲಿ ಬರೆದು ದೃಢೀಕರಿಸದಿದ್ದಲ್ಲಿ, ತಮ್ಮ ಒಂಬತ್ತೂ ಹಸುಗಳನ್ನು ಯೋಜನೆಯಿಂದ ಕೈಬಿಡಲಾಗುವುದು. ಅಲ್ಲಿಯವರೆಗೆ ಯಾವ ಹಸುವಿಗೂ ಹೊರಗಿನ ಕಡ್ಡಿ ಹಾಕಿಸುವಂತಿಲ್ಲ.

ಕೃತಿಕಾ
ಕ್ಷೇತ್ರಾಧಿಕಾರಿ


ಗುತ್ತೂರು
25 ಜುಲೈ 2024

ಮೇಡಂ,

ನನ್ನನ್ನು ಕಳ್ಳಿ ಎಂದಿರಿ. ಕಚೇರಿಯ ಕನ್ನಡದಲ್ಲಿ ಎಂದಿರಿ, ಅಷ್ಟೇ. ಕಾಗದವನ್ನು ಮಗ ಗಣೇಶ ಓದಿ ಹೇಳುವಾಗ ಪಕ್ಕದ ಮನೆಯವರೂ ಇದ್ದರು. ಮೊನ್ನೆ ಇಪ್ಪತ್ತೆರಡಕ್ಕೆ ಮತ್ತೊಂದು ಬೆದೆ ಹೋಯಿತು. ಎರಡು ದಿನ ಊಟ ಸೇರಲಿಲ್ಲ. ಇವತ್ತು ಏನಾದರೂ ಆಗಲಿ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ನೀವು ಬರೆದಿದ್ದೀರಲ್ಲ ಆ ಹೆಸರು, ಅದು ನಮ್ಮ ಅತ್ತೆಯ ಹೆಸರು. ಅತ್ತೆ ತೀರಿಕೊಂಡ ವರ್ಷ ಆ ಕರು ಹುಟ್ಟಿತು. ಮನೆಯವರು ತಾಯಿಯ ಹೆಸರೇ ಇಟ್ಟರು. ಅವರಿಗೇನು, ಇಟ್ಟುಬಿಟ್ಟರು. ಅವರು ಅದನ್ನು "ಅವ್ವಾ" ಎಂದು ಕರೆಯುತ್ತಾರೆ. ಸೊಸೆಯಾದ ನಾನು ಅತ್ತೆಯ ಹೆಸರು ಹಿಡಿದು "ಹೋಯ್, ನಿಂತ್ಕ, ಒದಿಬ್ಯಾಡ" ಎನ್ನಲು ಬರುತ್ತದೆಯೇ? ಅದಕ್ಕೇ ದೊಡ್ಡಾಕೆ. ಮನೆಗೆ ದೊಡ್ಡಾಕೆ ಎಂದು. ಮೈ ದೊಡ್ಡದೆಂದಲ್ಲ.

ಇನ್ನೊಂದು ಮಾತು. ನಿಮ್ಮ ಕಂಪ್ಯೂಟರ್ ಚಂದ್ರಿಗೆ ಆರಿಸಿದ ಹೋರಿಯ ನಂಬರು 3307. ಕಡ್ಡಿ ಹಾಕುವವರು ನಿನ್ನೆ ಬಂದಿದ್ದರು. ಆ ನಂಬರು ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿ ಅವರನ್ನು ನಿಲ್ಲಿಸಿ, ಮನೆಯವರು ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಟ್ಟ ಹಳೆಯ ಚೀಟಿಗಳನ್ನು ತೆಗೆದೆ. ಚಂದ್ರಿ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಅದರ ತಾಯಿಗೆ ಹಾಕಿದ್ದು 3307ರ ಕಡ್ಡಿಯೇ. ಅಂದರೆ ಚಂದ್ರಿಗೆ ಅದರ ಅಪ್ಪನನ್ನೇ ಗಂಡು ನೋಡಿದ್ದೀರಿ! ಹಳ್ಳಿಯಲ್ಲಿ ಹೆಬ್ಬೆಟ್ಟು ಒತ್ತುವವರೂ ಇಂಥ ಸಂಬಂಧ ಕುದುರಿಸುವುದಿಲ್ಲ. ಚೀಟಿಯ ಜೆರಾಕ್ಸ್ ಇಟ್ಟಿದ್ದೇನೆ. ಕಡ್ಡಿ ಹಾಕಿಸದೆ ವಾಪಸು ಕಳಿಸಿದೆ. ಇದಕ್ಕೂ ನೋಟೀಸು ಕೊಡುವುದಾದರೆ ಕೊಡಿ.

ಕಮಲಮ್ಮ


ಕುಕ್ಕುವಾಡ
4 ಆಗಸ್ಟ್ 2024, ಭಾನುವಾರ

ಕಮಲಕ್ಕ ಅವರಿಗೆ,

ಇದು ಕಚೇರಿಯ ಕಾಗದವಲ್ಲ. ಊರಿಗೆ ಬಂದು, ನಮ್ಮ ಮನೆಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಗಣೇಶನ ಕೈಗೇ ತಲುಪಲಿ ಎಂದು ನಾಳೆ ನಿಮ್ಮೂರ ಹಾಲಿನ ವ್ಯಾನಿನವರ ಹತ್ತಿರ ಕೊಡುತ್ತೇನೆ.

ತಂದೆ, ಮಗಳು, ಅಕ್ಕ, ತಮ್ಮ ಯಾರೂ ಜೋಡಿಯಾಗದಂತೆ ತಡೆಯುವುದೇ ಆ ಪರೀಕ್ಷೆಯ ಮೊದಲ ಕೆಲಸ. ಅದು ಚಂದ್ರಿಗೆ ಅವಳ ಅಪ್ಪನನ್ನು ಆರಿಸಿದೆ ಎಂದರೆ ಅರ್ಥ ಒಂದೇ. 'ಚಂದ್ರಿ' ಎಂದು ಬರೆದ ಲಕೋಟೆಯಲ್ಲಿ ಇದ್ದದ್ದು ಚಂದ್ರಿಯ ಕೂದಲಲ್ಲ. ನಿಮ್ಮ ದೊಡ್ಡಾಕೆಯದು.

ಮೈಲಾರಲಿಂಗಪ್ಪನವರನ್ನು ಕೂರಿಸಿ ಕೇಳಿದೆ. ಆ ದಿನ ನಿಮ್ಮ ಎರಡು ಹಸುಗಳ ಕಿವಿಯೋಲೆ ಹರಿದು ಬಿದ್ದಿದ್ದವಂತೆ, ನಂಬರು ಸಿಗಲಿಲ್ಲವಂತೆ. "ಇದ್ರ ಹೆಸರೇನಮ್ಮ ಅಂದೆ. ದೊಡ್ಡಾಕೆ ಅಂದ್ರು. ಪಟ್ಟೀಲಿ ದೊಡ್ಡಾಕೆ ಇರ್ಲಿಲ್ಲ. ದೊಡ್ಡ ಹಸ ಅಂದ್ರೆ ಚಂದ್ರೀನೇ ಅಂತ ಬರ್ಕಂಡೆ" ಎಂದರು. ಉಳಿದ ಒಂದು ಲಕೋಟೆಯ ಮೇಲೆ ಉಳಿದ ಒಂದು ಹೆಸರು. ಅಂದರೆ ಒಂದನೇ ಸ್ಥಾನ ಬಂದಿರುವುದು ದೊಡ್ಡಾಕೆಗೆ, ಅಕ್ಕ. ಒಂಬತ್ತನೆಯದು ಚಂದ್ರಿಗೆ. ನೀವು ಮೊದಲಿನಿಂದ ಹೇಳುತ್ತಿದ್ದದ್ದು ಇದನ್ನೇ.

ನಮ್ಮಜ್ಜಿ ಮರುಳಸಿದ್ದಮ್ಮ ಇಲ್ಲೇ ಎದುರಿಗೆ ಕೂತು ಸೊಪ್ಪು ಸೋಸುತ್ತಿದ್ದಾರೆ. ನಾನು ಚಿಕ್ಕವಳಿದ್ದಾಗ ಯಾರಾದರೂ ಕಾಗದಪತ್ರಕ್ಕೆ ಬಂದು ಯಜಮಾನರ ಹೆಸರು ಕೇಳಿದರೆ, "ಲೇ ಕೃತೀ, ನಿಮ್ಮ ಅಜ್ಜಂದು ಹೆಸರು ಹೇಳಿಹೋಗೇ" ಎಂದು ಕೂಗುತ್ತಿದ್ದರು. ನಾನು ಓಡಿಬಂದು "ವಾಮದೇವಪ್ಪ" ಎನ್ನುತ್ತಿದ್ದೆ. ಇಂಥ ಮನೆಯಲ್ಲಿ ಬೆಳೆದವಳು ನಾನು, 'ಹೇಳುವ ಹಾಗಿಲ್ಲ' ಎಂಬ ಮಾತು ಓದಿ ಕಳ್ಳತನ ಎಂದುಕೊಂಡೆ.

ಇನ್ನೊಂದು ವಿಷಯವನ್ನು ಮುಚ್ಚಿಟ್ಟಿದ್ದೇನೆ. ಆ ಪಟ್ಟಿಯಲ್ಲಿ 'ಖುದ್ದು ಪರಿಶೀಲಿಸಲಾಗಿದೆ' ಎಂಬ ಕಡೆ ನನ್ನ ಸಹಿ ಇದೆ. ಆ ದಿನ ನಾನು ಗುತ್ತೂರಿಗೆ ಬಂದಿರಲಿಲ್ಲ. ಮಾರ್ಚ್ ಕೊನೆ, ಗುರಿ ಮುಟ್ಟಿಸುವ ಗಡಿಬಿಡಿ, ಕೂತಲ್ಲೇ ಸಹಿ ಹಾಕಿದೆ. ನಿಮ್ಮ ಜುಲೈ ಎರಡರ ಕಾಗದ ಬಂದಾಗ ಪಟ್ಟಿ ತೆಗೆದು ನೋಡಿದೆ. ಆ ಎರಡು ಸಾಲುಗಳಲ್ಲಿ ತಿದ್ದಿ ಬರೆದದ್ದು ಕಂಡಿತು. ಫೈಲು ಮುಚ್ಚಿಟ್ಟೆ. ಮುಚ್ಚಿಟ್ಟ ಮೇಲೆಯೇ ನಿಮಗೆ ಆ ನೋಟೀಸು ಬರೆದದ್ದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮತ್ತೆ ಕೂದಲು ತೆಗೆಯಬೇಕು. ಮೇಲಿನವರು ಒಂದು ಷರತ್ತು ಹಾಕಿದ್ದಾರೆ. ಮಾಲೀಕರು ಹಸುವಿನ ಹಗ್ಗ ಹಿಡಿದು ನಿಂತು, ಅದರ ಹೆಸರನ್ನು ಬಾಯಿಬಿಟ್ಟು ಹೇಳುವ ವಿಡಿಯೋ ಬೇಕಂತೆ. ಅಂಜಿನಪ್ಪನವರು ಹೇಳಲಿ ಎಂದು ಬೇಡಿಕೊಂಡೆ. ಹಸುಗಳು ನಿಮ್ಮ ಹೆಸರಿನಲ್ಲಿವೆ, ನೀವೇ ಹೇಳಬೇಕೆಂದು ಹಟ ಹಿಡಿದರು. ನನ್ನಿಂದ ಇಷ್ಟೇ ಆದದ್ದು.

ಕೃತಿಕಾ


ಗುತ್ತೂರು
16 ಆಗಸ್ಟ್ 2024

ಕೃತಿಕಾ,

ಮೇಡಂ ಎಂದು ಬರೆಯಲು ಕೈ ಬರಲಿಲ್ಲ. ಸಿಟ್ಟು ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಫೈಲು ಮುಚ್ಚಿದ ದಿನಕ್ಕೂ ತೆರೆದ ದಿನಕ್ಕೂ ನಡುವೆ ದೊಡ್ಡಾಕೆಯ ಒಂದು ಬೆದೆ ಹೋಯಿತು. ಮೊನ್ನೆ ಹನ್ನೆರಡಕ್ಕೆ ಇನ್ನೊಂದು. ಆದರೂ ನೀನು ಹೇಳದೇ ಇದ್ದಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ.

ಮೈಲಾರಲಿಂಗಪ್ಪನವರು ಒಂಬತ್ತನೇ ತಾರೀಖು ಬಂದರು. ನನ್ನ ಕೈಗೆ ಹಗ್ಗ ಕೊಟ್ಟು, ಕನ್ನಡಕ ಏರಿಸಿಕೊಂಡು, ಫೋನು ಹಿಡಿದು "ಹ್ಞೂಂ, ಹೇಳ್ರಿ" ಎಂದರು. ನಾನು "ದೊಡ್ಡಾಕೆ" ಎಂದೆ. "ಅಯ್ಯೋ, ಅದನ್ನ ಹೇಳಿಯೇ ಇಷ್ಟು ರಾಮಾಯಣ ಆತಲ್ಲಮ್ಮ" ಎಂದು ಹಣೆ ಚಚ್ಚಿಕೊಂಡರು. ಎರಡನೇ ಸಲ ನಾಲಿಗೆ ಏಳಲೇ ಇಲ್ಲ. ಮದುವೆಯಾಗಿ ಮೂವತ್ತು ವರ್ಷ. ಆ ಹೆಸರಿನ ಊರಿನ ಜಾತ್ರೆಗೆ ಹೋದವರನ್ನು ಕೂಡ 'ಅತ್ತೆ ಹೆಸರಿನೂರಿಗೆ ಹೋದರು' ಎನ್ನುತ್ತಿದ್ದವಳು ನಾನು.

ನಿನಗೆ ಗೊತ್ತಿಲ್ಲ, ನಮ್ಮ ಅತ್ತೆ ಸುಲಭದವರಲ್ಲ. ದೊಡ್ಡಾಕೆಯ ತಾಯಿಗೆ ಅತ್ತೆ ಇಟ್ಟಿದ್ದ ಹೆಸರು ಕಮಲಿ, ಆ ತಾಯಿಯ ಅಜ್ಜಿಗೂ ಅದೇ ಹೆಸರು! ನನ್ನನ್ನು ನೇರ ಬೈದರೆ ಮಗ ಕೇಳಿಸಿಕೊಳ್ಳುತ್ತಾನೆಂದು ಹಸುವಿನ ಮೇಲೆ ಹಾಕಿ ಬೈಯುತ್ತಿದ್ದರು. "ಕಮಲೀ, ಹೊತ್ತೇರಿದ್ರೂ ಎದ್ದಿಲ್ಲೇನೇ! ಕಮಲೀ, ತಿನ್ನೋದು ನೋಡಿದ್ರೆ ಐತೆ, ಹಾಲು ನೋಡಿದ್ರೆ ಇಲ್ಲ!" ಹತ್ತೊಂಬತ್ತು ವರ್ಷ ಕೇಳಿದೆ. ಆದರೆ ಅದೇ ಅತ್ತೆ, ನಾನು ಗಣೇಶನನ್ನು ಹೆತ್ತು ಮಲಗಿದ್ದಾಗ ಮೂರು ತಿಂಗಳು ಆ ಮೊದಲಿನ ಕಮಲಿಯ ಹಾಲನ್ನು ಡೈರಿಗೆ ಕಳಿಸದೆ ನನಗೇ ಕುಡಿಸಿದರು. ಅದನ್ನೂ ಹೇಳಬೇಕು.

ಅಷ್ಟರಲ್ಲಿ ಮನೆಯವರು ಪಾಳಿ ಮುಗಿಸಿ ಫ್ಯಾಕ್ಟರಿಯಿಂದ ಬಂದರು. ವಿಷಯ ಕೇಳಿ ನಗುತ್ತಾರೆಂದುಕೊಂಡೆ. ನಗಲಿಲ್ಲ. "ಹೇಳು, ಅವ್ವ ಏನೂ ಅಂದ್ಕಳಲ್ಲ" ಎಂದರು. ನಾನು ಸೆರಗು ಹೊದ್ದುಕೊಂಡು, ಮನಸ್ಸಿನಲ್ಲೇ "ತಪ್ಪಾತು ಅತ್ತೆ" ಎಂದು, ಕಣ್ಣು ಮುಚ್ಚಿ ಹೇಳಿಬಿಟ್ಟೆ. ಜೋರಾಗಿಯೇ ಬಂತು. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ದೊಡ್ಡಾಕೆ ಮಾತ್ರ ನನ್ನ ಕಡೆ ತಿರುಗಲೂ ಇಲ್ಲ, ಮೆಲುಕು ಹಾಕುತ್ತ ನಿಂತಿದ್ದಳು.

ತಿರುಗಿ ನೋಡಿದರೆ ಮನೆಯವರು ಅಲ್ಲಿರಲಿಲ್ಲ. ಹುಲ್ಲಿನ ಬಣವೆಯ ಹಿಂದೆ ನಿಂತಿದ್ದರು. "ಅವ್ವನ ಹೆಸರಿಡ್ದು ಯಾರಾದ್ರೂ ಕರ್ದಿದ್ದು ಕೇಳಿ ಹತ್ತು ವರ್ಷ ಆಗಿತ್ತು ಕಣೇ" ಎಂದರು. ನಾನು ಒಳಗೆ ಹೋಗಿ ಚಹಾ ಇಟ್ಟೆ.

ಮುಂದಿನ ಬೆದೆ ಸೆಪ್ಟೆಂಬರ್ ಎರಡು. ಬೇಗ ಮಾಡು ತಾಯಿ.

ಕಮಲಕ್ಕ


ದಾವಣಗೆರೆ
14 ಸೆಪ್ಟೆಂಬರ್ 2024

ಶ್ರೀಮತಿ ಕಮಲಮ್ಮ ಕೋಂ ಅಂಜಿನಪ್ಪ ಅವರಿಗೆ,

ವಿಷಯ: ತಿದ್ದುಪಡಿ ವರದಿ.

ಮರುಪರೀಕ್ಷೆಯ ಪ್ರಕಾರ 'ಹನುಮವ್ವ' ಹಸುವಿಗೆ ಪ್ರಥಮ ಸ್ಥಾನವನ್ನು ನೀಡಲಾಗಿದೆ. ಹೆಣ್ಣುಗರುವಿನ ಕಡ್ಡಿ ಮಂಜೂರಾಗಿದೆ. 'ಚಂದ್ರಿ' ಹಸುವಿಗೆ ಒಂಬತ್ತನೇ ಸ್ಥಾನ ಬಂದಿದ್ದು, ಅದರ ಜೋಡಿಯಿಂದ ಹೋರಿ ಸಂಖ್ಯೆ 3307 ಅನ್ನು ಕೈಬಿಡಲಾಗಿದೆ. ಉಂಟಾದ ಅನಾನುಕೂಲಕ್ಕೆ ವಿಷಾದಿಸಲಾಗಿದೆ.

ಕೃತಿಕಾ
ಕ್ಷೇತ್ರಾಧಿಕಾರಿ

ಕಾಗದದ ಹಿಂಬದಿ ನೋಡಿ.

ಕಮಲಕ್ಕ, ವರದಿ ಆಗಸ್ಟ್ ಮೂವತ್ತೊಂದಕ್ಕೇ ಬಂದಿತ್ತು. ಎರಡನೇ ತಾರೀಖಿನ ಬೆದೆ ನನಗೆ ನೆನಪಿತ್ತು. ಮೇಲಿನವರ ಒಂದು ಸಹಿ ಬೇಕಿತ್ತು. ಅವರು ತರಬೇತಿಗೆ ಹೋಗಿದ್ದರು, ಆಮೇಲೆ ರಜೆ, ಆಮೇಲೆ ಹಬ್ಬ. ದಿನವೂ ಅವರ ಬಾಗಿಲಲ್ಲಿ ನಿಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ನಿನ್ನೆ ಸಂಜೆ ಸಹಿಯಾಯಿತು. ಖುದ್ದು ನೋಡದೆ ಸಹಿ ಹಾಕಿದ್ದನ್ನು ಒಪ್ಪಿ ಬರೆದುಕೊಟ್ಟಿದ್ದಕ್ಕೆ ನನಗೊಂದು ಮೆಮೊ ಕೂಡ ಬಂದಿದೆ. ಮೆಮೊಗೆ ಮಾತ್ರ ಒಂದೇ ದಿನದಲ್ಲಿ ಸಹಿಯಾಯಿತು.

ಇನ್ನು ಒಂಬತ್ತು ದಿನಕ್ಕೆ ಅವಳ ಬೆದೆ. ಕಡ್ಡಿ ಹಾಕುವವರಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಆ ದಿನ ನಾನೂ ಬರುತ್ತೇನೆ. ಈ ಸಲ ನಿಜವಾಗಿ ಬರುತ್ತೇನೆ.

ಕೃ.


ಗುತ್ತೂರು
28 ಡಿಸೆಂಬರ್ 2024

ಕೃತಿಕಾಗೆ ಕಮಲಕ್ಕ ಮಾಡುವ ಆಶೀರ್ವಾದಗಳು.

ಹನುಮವ್ವ ಗಬ್ಬವಾಗಿದ್ದಾಳೆ.

ನಿನ್ನೆ ಡಾಕ್ಟರು ಕೈ ಹಾಕಿ ನೋಡಿ, "ಮೂರು ತಿಂಗಳು ತುಂಬೈತೆ ಕಮಲಕ್ಕ" ಎಂದರು. ನೀನು ಕೊಟ್ಟಿಗೆಯಲ್ಲಿ ಸಗಣಿ ತುಳಿದುಕೊಂಡು ನಿಂತಿದ್ದ ಆ ದಿನದ ಕಡ್ಡಿ ನಿಂತಿದೆ. ಇಪ್ಪತ್ತೊಂದನೇ ದಿನ ನಾನು ಹೊಲಕ್ಕೂ ಹೋಗದೆ ಅವಳ ಮುಂದೆಯೇ ಕೂತಿದ್ದೆ. ಕೂಗಲಿಲ್ಲ. ನಲವತ್ತೆರಡನೇ ದಿನವೂ ಕೂಗಲಿಲ್ಲ. ಆದರೂ ನಿನಗೆ ಬರೆಯಲು ಧೈರ್ಯ ಬರಲಿಲ್ಲ. ನಿಮ್ಮ ಕಚೇರಿಯ ಸಹವಾಸದಿಂದ ನನಗೂ ಸಹಿಯಾಗುವವರೆಗೆ ನಂಬಿಕೆ ಬರುವುದಿಲ್ಲ.

ಹತ್ತರಲ್ಲಿ ಒಂಬತ್ತು ಸಲ ಹೆಣ್ಣೇ ಎಂದಿದ್ದೀಯ. ಆ ಹತ್ತನೆಯದು ನನ್ನ ಹಣೆಬರಹವಾದರೆ ಮತ್ತೆ ನಿನಗೇ ಕಾಗದ ಬರೆದು ಬೈಯುತ್ತೇನೆ, ಸಿದ್ಧವಾಗಿರು. ಐದು ಬೆದೆ ನಿಮ್ಮಿಂದ ಹೋಗಿವೆ. ಅದನ್ನು ನಾನು ಮರೆಯುವುದಿಲ್ಲ. ಚಂದ್ರಿಯನ್ನು ಮಾರೆಂದು ನಿಮ್ಮವರು ಹೇಳಿ ಕಳಿಸಿದ್ದಾರೆ. ಮಾರುವುದಿಲ್ಲ. ಒಂದನೇ ರ‍್ಯಾಂಕೂ ಅವಳು ಕೇಳಿರಲಿಲ್ಲ, ಒಂಬತ್ತನೆಯದೂ ಕೇಳಿರಲಿಲ್ಲ.

ಕಾಗದದ ತಲೆಗೇ ಹೆಸರು ಬರೆದದ್ದು ನೋಡಿದೆಯಾ? ಒಂದು ಸಲ ಹೇಳಿದ ಮೇಲೆ ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಬೆಳಿಗ್ಗೆ ಹಾಲು ಕರೆಯುವಾಗ ನಾನು ಹೆಸರು ಹಿಡಿದು ಕರೆದರೆ ಮನೆಯವರು ಒಳಗಿನಿಂದ "ಏನೇ?" ಎನ್ನುತ್ತಾರೆ, ತಾಯಿಯ ಪರವಾಗಿ.

ನಮ್ಮಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ವಾಡಿಕೆ. ಹಸುವಿಗೂ ಅದೇ. ಹೆಣ್ಣುಗರು ಹುಟ್ಟಿದರೆ ಅದರ ಅಜ್ಜಿಯ ಹೆಸರಿಡಬೇಕು. ಅಂದರೆ ಕಮಲಿ. ಬರುವ ವರ್ಷ ಗಣೇಶನ ಮದುವೆ. ಮನೆಗೆ ಬರುವ ಹುಡುಗಿ ಕಲಿತವಳಾದರೂ ನಾಲ್ಕು ಜನರ ಬಾಯಿಗೆ ಹೆದರಿ ನನ್ನ ಹೆಸರು ಹೇಳಲಾರದೆ ಆ ಕರುವನ್ನು ಇನ್ನೇನೋ ಎಂದು ಕರೆಯಬಹುದು. ಮುಂದೊಂದು ದಿನ ನಿಮ್ಮವರು ಯಾರೋ ಬಂದು ಅದನ್ನೇ ಬರೆದುಕೊಂಡು ಹೋಗಬಹುದು.

ಅದಕ್ಕೇ, ಅವಳು ಮನೆ ತುಂಬಿದ ದಿನವೇ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹೇಳಬೇಕೆಂದಿದ್ದೇನೆ. ಇದರ ಹೆಸರು ಕಮಲಿ ಕಣಮ್ಮ, ಬಾಯಿ ತುಂಬ ಕರಿ. ನನ್ನ ಮೇಲೆ ಸಿಟ್ಟು ಬಂದ ದಿನ, ಇದರ ಹೆಸರು ಹಿಡಿದು ನಾಲ್ಕು ಬೈದುಕೋ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತೇನೆ.

ಕಮಲಕ್ಕ